ಜಾಗರದಿಂದ ಭದ್ರೆಗೆ: ಒಂದು ಅಭಯಾರಣ್ಯದ ಎಪ್ಪತ್ತೈದು ವರ್ಷ

ಭದ್ರಾ ಅಭಯಾರಣ್ಯದ ಚರಿತ್ರೆ ಬರೆಯಲು ಕೂತವರ ಕೈಗೆ ಕಡತಗಳು ಕೊಡುವ ಮುಖ್ಯ ಇಸವಿಗಳು ಮೂರು. 1951ರಲ್ಲಿ ಅಂದಿನ ಮೈಸೂರು ಸರ್ಕಾರ ಜಾಗರ ಕಣಿವೆಯ ಸುಮಾರು 252 ಚದರ ಕಿಲೋಮೀಟರ್ ಕಾಡನ್ನು ವನ್ಯಧಾಮವೆಂದು ಸಾರಿತು. 1974ರಲ್ಲಿ ಲಕ್ಕವಳ್ಳಿಯ ಕಾಡೂ ಅದಕ್ಕೆ ಸೇರಿ, ಹೆಸರು ಭದ್ರಾ ವನ್ಯಜೀವಿ ಅಭಯಾರಣ್ಯವೆಂದಾಯಿತು. ವಿಸ್ತೀರ್ಣ 492 ಚದರ ಕಿಲೋಮೀಟರಿಗೆ ಬೆಳೆಯಿತು. 1998ರಲ್ಲಿ ಅದು ಹುಲಿ ಯೋಜನೆಯ ಪಟ್ಟಿಗೆ ಸೇರಿತು. ಈ ಮೂರು ಮೈಲಿಗಲ್ಲುಗಳ ನಡುವೆ ಅಧಿಕಾರಿಗಳ ಭಾವಚಿತ್ರ ಹೊಂದಿಸಿ ಲೇಖನ ಮುಗಿಸುವುದು ನಮ್ಮ ಸ್ಮರಣ ಸಂಚಿಕೆಗಳ ರೂಢಿ. ಆದರೆ 1951ರ ಆದೇಶ ಹೊರಟ ಮರುದಿನ ಆ ಕಾಡಿನೊಳಗೆ ಬದಲಾದದ್ದು ತೀರಾ ಕಡಿಮೆ. ಕೊಡಲಿ ನಿಲ್ಲಲಿಲ್ಲ, ದನಗಳು ಮೇಯುವುದನ್ನು ಬಿಡಲಿಲ್ಲ, ಲಕ್ಕವಳ್ಳಿಯಲ್ಲಿ ಭದ್ರೆಗೆ ಅಡ್ಡಲಾಗಿ ಅಣೆಕಟ್ಟು ಏಳುತ್ತಲೇ ಇತ್ತು. ಒಳಗಿದ್ದ ಒಂದೊಂದು ಕಸುಬು, ಒಂದೊಂದು ರೂಢಿ, ಕೊನೆಗೆ ಊರಿಗೆ ಊರೇ ಹೊರನಡೆದ ಮೇಲೆ ಈ ಕಾಡು ಅಭಯಾರಣ್ಯವೆಂಬ ಹೆಸರಿಗೆ ತಕ್ಕದ್ದಾಯಿತು. ಯಾರು ಹೊರನಡೆದರು, ಯಾವಾಗ, ಏನನ್ನು ಬಿಟ್ಟು, ಏನನ್ನು ಪಡೆದು ಎಂಬುದೇ ಇಲ್ಲಿ ಹೇಳಬೇಕಾದ ಕಥೆ.

ಮೊದಲು ಜಾಗದ ಪರಿಚಯ. ಚಿಕ್ಕಮಗಳೂರಿನ ಮೇಲೆ ನಿಂತಿರುವ ಬಾಬಾಬುಡನ್ ಗಿರಿಶ್ರೇಣಿ ಕುದುರೆ ಲಾಳದ ಆಕಾರದಲ್ಲಿ ಬಾಗಿದೆ. ಆ ಲಾಳದ ಒಳಮಡಿಲೇ ಜಾಗರ ಕಣಿವೆ. ಗಿರಿಯ ನೀರೆಲ್ಲ ಒಟ್ಟಾಗಿ ಸೋಮವಾಹಿನಿಯಾಗಿ, ಮುತ್ತೋಡಿಯ ಪಕ್ಕದಲ್ಲೇ ಹರಿದು ಭದ್ರೆಯನ್ನು ಸೇರುತ್ತದೆ. ಕಣಿವೆಯ ತಳ ಸಮುದ್ರಮಟ್ಟದಿಂದ ಆರೇಳುನೂರು ಮೀಟರ್ ಎತ್ತರದಲ್ಲಿದ್ದರೆ, ಅಂಚಿನ ಗುಡ್ಡಗಳು ಹದಿನೆಂಟುನೂರು ಮೀಟರನ್ನೂ ದಾಟುತ್ತವೆ. ಇಷ್ಟು ಎತ್ತರದ ಅಂತರ ಇಷ್ಟು ಚಿಕ್ಕ ಜಾಗದಲ್ಲಿ ಇರುವುದರಿಂದಲೇ ಇಲ್ಲಿ ಕಾಡಿನ ಬಗೆಗಳು ಹೆಚ್ಚು. ಬಯಲುಸೀಮೆಗೆ ಮುಖಮಾಡಿದ ಲಕ್ಕವಳ್ಳಿ, ತಣಿಗೆಬೈಲಿನ ಕಡೆ ಬೇಸಗೆಯಲ್ಲಿ ಎಲೆಯುದುರಿಸಿ ಬೋಳಾಗುವ ಕಾಡು. ತೇಗ, ಮತ್ತಿ, ಹೊನ್ನೆ, ದಿಂಡಿಗ, ಬೀಟೆ, ನಂದಿ, ನಡುನಡುವೆ ಬಿದಿರಿನ ಮೆಳೆ. ಮುತ್ತೋಡಿಗೆ ಬಂದರೆ ಮರ ಎತ್ತರವಾಗುತ್ತದೆ, ನೆರಳು ದಟ್ಟವಾಗುತ್ತದೆ. ಹೆಬ್ಬೆಯ ಕೊಳ್ಳಗಳಲ್ಲಿ ವರ್ಷವಿಡೀ ಹಸಿರು. ಮೇಲೆ ಗಾಳಿಗೆ ಬಾಗಿದ ಹುಲ್ಲುಗುಡ್ಡಗಳು, ಅವುಗಳ ಮಡಿಕೆಗಳಲ್ಲಿ ಅವಿತ ಶೋಲಾ. ಬೆಳಿಗ್ಗೆ ಲಕ್ಕವಳ್ಳಿಯಲ್ಲಿ ಸೆಕೆಗೆ ಅಂಗಿ ಬಿಚ್ಚಿದವರು ಅದೇ ಸಂಜೆ ಕೆಮ್ಮಣ್ಣುಗುಂಡಿಯಲ್ಲಿ ಕಂಬಳಿ ಕೇಳುತ್ತಾರೆ.

ಈ ಕಾಡಿಗೆ ಮನುಷ್ಯರ ಕಾಲು ಹೊಸದಲ್ಲ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಯೆಮೆನ್‌ನಿಂದ ತಂದರೆಂಬ ಕಾಫಿ ಬೀಜಗಳ ಕಥೆ ನಡೆದದ್ದು ಇದೇ ಗಿರಿಯ ಮೇಲೆ. ಕಾಫಿ ತೋಟಗಳು ಕಣಿವೆಯ ಒಳಕ್ಕೂ ಇಳಿದವು. ಬೇಟೆಗೆ ಕಡಿವಾಣ ಹಾಕಲು ಮೈಸೂರು ಸಂಸ್ಥಾನ 1901ರಲ್ಲೇ ಕಾನೂನು ತಂದಿತ್ತು. ಆದರೂ ಪರವಾನಗಿ ಪಡೆದ ಬೇಟೆ ಅಂದಿನವರಿಗೆ ತಪ್ಪಾಗಿ ಕಂಡಿರಲಿಲ್ಲ. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್‌ನ ಕಾಡಿನ ಕಥೆಗಳನ್ನು ಓದಿದವರಿಗೆ ಈ ಸೀಮೆಯ ಅಂದಿನ ಗಾಳಿ ಹೇಗಿತ್ತೆಂಬುದು ಗೊತ್ತು.

ಬೇಟೆಗಿಂತ ಹೆಚ್ಚಾಗಿ ಈ ಕಾಡನ್ನು ಬಳಸಿಕೊಂಡದ್ದು ಬೆಂಕಿ. ಸರ್ ಎಂ. ವಿಶ್ವೇಶ್ವರಯ್ಯನವರ ಕನಸಿನ ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಅದರ ಕುಲುಮೆ ಉರಿಯುತ್ತಿದ್ದದ್ದು ಸೌದೆ ಇದ್ದಿಲಿನಿಂದ. ಅದಿರು ಕೆಮ್ಮಣ್ಣುಗುಂಡಿಯ ಗಣಿಗಳಿಂದ ತಂತಿದಾರಿಯಲ್ಲಿ ಇಳಿದು ಬರುತ್ತಿತ್ತು, ಸೌದೆ ಸುತ್ತಲ ಮಲೆನಾಡಿನ ಕಾಡುಗಳಿಂದ. 1936ರಲ್ಲಿ ಅಲ್ಲೇ ಕಾಗದದ ಕಾರ್ಖಾನೆ ಬಂದ ಮೇಲೆ ಬಿದಿರಿಗೂ ಗಿರಾಕಿ ಹುಟ್ಟಿತು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಕಾಡಿನ ನಡುವೆ ಸಣ್ಣ ರೈಲಿನ ದಾರಿಯೇ ಇತ್ತು. ತೇಗದ ನಾಟಾ, ಬೀಟೆ, ಬಿದಿರು, ಸೌದೆ ಎಲ್ಲಕ್ಕೂ ಕೂಪುಗಳ (ಕಡಿಯಲೆಂದು ಗುರುತು ಮಾಡಿದ ಕಾಡಿನ ತುಂಡುಗಳ) ಲೆಕ್ಕ, ಡಿಪೊಗಳ ಲೆಕ್ಕ. ಅರಣ್ಯ ಇಲಾಖೆಯನ್ನು ಅಂದು ಅಳೆಯುತ್ತಿದ್ದದ್ದು ವರ್ಷಕ್ಕೆ ಎಷ್ಟು ಆದಾಯ ತಂದಿತು ಎಂಬ ಒಂದೇ ಮಾಪನದಿಂದ. ಇದನ್ನು ಇಂದಿನ ಕಣ್ಣಿನಿಂದ ನೋಡಿ ಬೈಯುವುದು ಸುಲಭ. ಆದರೆ ಆ ಕುಲುಮೆಯಿಂದ ಒಂದು ನಾಡಿಗೆ ಕೈಗಾರಿಕೆಯ ಮೊದಲ ಪಾಠ ಸಿಕ್ಕಿತೆಂಬುದನ್ನು ಮರೆಯಬಾರದು. ಅದಕ್ಕೆ ತೆತ್ತ ಬೆಲೆಯಲ್ಲಿ ಈ ಕಾಡಿನ ಪಾಲನ್ನು ಯಾರೂ ಬರೆದಿಡಲಿಲ್ಲ ಎಂಬುದನ್ನೂ.

ಎಲ್ಲವನ್ನೂ ಕಡಿದು ಮುಗಿಸಲಿಲ್ಲ ಎಂಬುದಕ್ಕೆ ಸಾಕ್ಷಿಯಾಗಿ ಒಂದು ಮರ ಉಳಿದಿದೆ. ‘ಜಾಗರ ಜೈಂಟ್’ ಎಂದು ಇಲಾಖೆಯವರು ಕರೆಯುವ ತೇಗದ ಮರಕ್ಕೆ ಮುನ್ನೂರು ವರ್ಷ ದಾಟಿದೆಯೆಂದು ಅಂದಾಜು. ಸುತ್ತಳತೆ ಐದು ಮೀಟರಿಗೂ ಹೆಚ್ಚು. ಹೈದರಾಲಿಯ ಕಾಲಕ್ಕಾಗಲೇ ಅದು ಮರವಾಗಿತ್ತು. ಕೊಡಲಿ ಹಿಡಿದ ಎಷ್ಟು ತಲೆಮಾರು ಅದರ ಮುಂದೆ ಹಾದುಹೋದವೋ!

1947ರಲ್ಲಿ ಆರಂಭವಾದ ಭದ್ರಾ ಅಣೆಕಟ್ಟಿನ ಕೆಲಸ ಮುಗಿದದ್ದು 1965ರಲ್ಲಿ. 186 ಅಡಿಯ ಪೂರ್ಣಮಟ್ಟ, 71.5 ಟಿಎಂಸಿ ನೀರು, ಒಂದು ಲಕ್ಷ ಹೆಕ್ಟೇರಿಗೂ ಮೀರಿದ ಅಚ್ಚುಕಟ್ಟು. ದಾವಣಗೆರೆ, ಶಿವಮೊಗ್ಗದ ಗದ್ದೆತೋಟಗಳು ಇಂದು ಹಸಿರಾಗಿರುವುದು ಆ ನೀರಿನಿಂದ. ಕಣಿವೆಯ ತಗ್ಗಿನ ಒಳ್ಳೆಯ ಕಾಡು, ಗದ್ದೆ, ಊರು, ಅದರ ಜೊತೆಗೆ ಆ ಸಣ್ಣ ರೈಲಿನ ದಾರಿಯ ಒಂದು ಭಾಗವೂ ನೀರಿನಡಿ ಸೇರಿದವು. ಮನೆಮಾರು ಕಳೆದುಕೊಂಡವರ ಗೋಳು ಆ ತಲೆಮಾರಿನೊಂದಿಗೇ ಮುಗಿಯಲಿಲ್ಲ. ಈ ಸೀಮೆಯಲ್ಲಿ ಎಬ್ಬಿಸುವುದು ಎಂಬ ಮಾತಿಗೆ ಜನ ಬೆಚ್ಚುತ್ತಿದ್ದರೆ ಅದಕ್ಕೆ ಕಾರಣ ಇತ್ತು.

ಅದೇ ಹಿನ್ನೀರು ಯಾರೂ ಯೋಜಿಸದ ಒಂದು ಉಪಕಾರವನ್ನೂ ಮಾಡಿತು. ಬೇಸಗೆಯಲ್ಲಿ ನೀರು ಇಳಿದಂತೆ ಮುಳುಗಿದ್ದ ಗುಡ್ಡಗಳ ನೆತ್ತಿಗಳು ದ್ವೀಪಗಳಾಗಿ ಮೇಲೇಳುತ್ತವೆ. ಬೋಳು ಕಲ್ಲುಮಣ್ಣಿನ ಆ ದ್ವೀಪಗಳಿಗೆ ಫೆಬ್ರವರಿಯ ಹೊತ್ತಿಗೆ ನದಿ ರೀವ ಹಕ್ಕಿಗಳು ಸಾವಿರಗಟ್ಟಲೆ ಬಂದು ಇಳಿಯುತ್ತವೆ. ಗೂಡು ಎನ್ನುವಂಥದ್ದೇನೂ ಇಲ್ಲ. ನೆಲದಲ್ಲಿ ಒಂದು ತಗ್ಗು, ಅದರಲ್ಲಿ ಕಲ್ಲಿನ ಬಣ್ಣದ್ದೇ ಮೊಟ್ಟೆ. ನಾಯಿ, ನರಿ, ಮನುಷ್ಯ ಯಾರೂ ನಡೆದು ಬರಲಾಗದ ಜಾಗ ಎಂಬ ಒಂದೇ ಭರವಸೆಯ ಮೇಲೆ ಆ ಸಂಸಾರ ನಿಂತಿದೆ. ದೇಶದ ದೊಡ್ಡ ನದಿಗಳ ಮರಳದಿಬ್ಬಗಳಲ್ಲಿ ನೆಲೆ ಕಳೆದುಕೊಳ್ಳುತ್ತಿರುವ ಈ ಹಕ್ಕಿಗೆ ಭದ್ರೆಯ ಹಿನ್ನೀರು ದೊಡ್ಡ ಆಸರೆ. ಆದರೆ ಜಲಾಶಯದ ಮಟ್ಟ ಬೇಸಗೆಯಲ್ಲೂ ಇಳಿಯದೆ ನಿಂತರೆ ದ್ವೀಪಗಳು ಏಳುವುದೇ ಇಲ್ಲ. ಮೊಟ್ಟೆಯಿಟ್ಟ ಮೇಲೆ ಅಕಾಲದಲ್ಲಿ ನೀರು ಏರಿದರೆ ಆ ವರ್ಷದ ಮರಿಗಳಿಲ್ಲ. ನಾಲೆಗೆ ನೀರು ಬಿಡುವ ವೇಳಾಪಟ್ಟಿ ಬರೆಯುವಾಗ ಹಕ್ಕಿಯ ಮೂರು ತಿಂಗಳನ್ನೂ ಒಮ್ಮೆ ನೆನೆಯುವುದು ಅಸಾಧ್ಯವೇನಲ್ಲ.

1951ರಿಂದ 1974ರವರೆಗಿನ ವರ್ಷಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ವನ್ಯಧಾಮ ಕಾಗದದಲ್ಲಿತ್ತು, ಕಾಡು ಕೂಪಿನಲ್ಲಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧವಾಯಿತು, ಗಡಿ ವಿಸ್ತಾರವಾಯಿತು. ಮುಂದೆ ಮರ ಕಡಿಯುವ ಕೆಲಸಗಳು ಒಂದೊಂದಾಗಿ ಹಿಂದೆ ಸರಿದವು. ಭದ್ರಾವತಿಯ ಕುಲುಮೆಯೂ ಇದ್ದಿಲನ್ನು ಬಿಟ್ಟು ವಿದ್ಯುತ್ತಿನ ಕಡೆ ತಿರುಗಿತ್ತು. ಮುತ್ತೋಡಿಯಲ್ಲಿ ನಡೆದ ಪ್ರಕೃತಿ ಶಿಬಿರಗಳಿಗೆ ಬಂದ ಶಾಲಾಕಾಲೇಜಿನ ಹುಡುಗರು ಮೊದಲ ಬಾರಿಗೆ ಈ ಕಾಡನ್ನು ನೋಡುವುದಕ್ಕಾಗಿಯೇ ನೋಡಿದರು. ಮುಂದೆ ಚಿಕ್ಕಮಗಳೂರಿನ ಸುತ್ತ ಕಾಡಿನ ಪರವಾಗಿ ದನಿಯೆತ್ತಿದ ಒಂದು ಪೀಳಿಗೆಯೇ ಬೆಳೆಯಿತು.

ಉಳಿದದ್ದು ದನ ಮತ್ತು ಜನ. ದನದ ಪ್ರಶ್ನೆ ಎಷ್ಟು ಗಂಭೀರ ಎಂಬುದು 1980ರ ದಶಕದ ಕೊನೆಯಲ್ಲಿ ತಿಳಿಯಿತು. ನಮ್ಮ ರೈತರು ದೊಡ್ಡರೋಗ ಎನ್ನುವ ರಿಂಡರ್‌ಪೆಸ್ಟ್ ಈ ಕಾಡಿಗೆ ನುಗ್ಗಿತು. ದನಗಳ ಈ ರೋಗ ಕಾಟಿಗಳಿಗೂ ತಗಲುತ್ತದೆ. ಹಳ್ಳದ ಬದಿಗಳಲ್ಲಿ ಕಾಟಿಗಳು ಸತ್ತು ಬಿದ್ದವು; ಹಿಂಡುಗಳಿಗೆ ಹಿಂಡುಗಳೇ ಕರಗಿ, ಇಷ್ಟು ದೊಡ್ಡ ಕಾಡಿನಲ್ಲಿ ಕಾಟಿ ಕಾಣುವುದೇ ಅಪರೂಪವಾಯಿತು. ಲಸಿಕೆಯ ಬಲದಿಂದ ಆ ರೋಗ ಭೂಮಿಯಿಂದಲೇ ಅಳಿಯಿತೆಂದು 2011ರಲ್ಲಿ ಘೋಷಣೆಯಾಯಿತು. ಇಂದು ಹಿನ್ನೀರಿನ ಅಂಚಿಗೆ ಸಂಜೆ ಇಳಿದು ಬರುವ ಕಾಟಿ ಹಿಂಡುಗಳನ್ನು ಕಂಡು ಹಿಗ್ಗುವ ಪ್ರವಾಸಿಗರಿಗೆ ಈ ಸಂಗತಿ ಗೊತ್ತಿರುವುದಿಲ್ಲ.

ಇನ್ನು ಜನ. ಅಭಯಾರಣ್ಯದ ಒಳಗೆ ಹಿಪ್ಲ, ಕೆಸವೆ, ಮಾಡ್ಲ ಮೊದಲಾದ ಹತ್ತಕ್ಕೂ ಹೆಚ್ಚು ಹಳ್ಳಿಗಳಿದ್ದವು. ಭತ್ತದ ಗದ್ದೆ, ಅಲ್ಲಲ್ಲಿ ಕಾಫಿ, ಅಡಿಕೆ, ದನಕರು. ಕೆಲವರಿಗೆ ಸ್ವಂತ ಜಮೀನು, ಕೆಲವರಿಗೆ ಬರೀ ಕೂಲಿ. ಇವರನ್ನು ಹೊರಗೆ ಕಳಿಸುವ ಮಾತು 1970ರ ದಶಕದಲ್ಲೇ ಹುಟ್ಟಿತ್ತು. ಹುಟ್ಟಿದ ಮಾತು ಸುಮಾರು ಕಾಲು ಶತಮಾನ ಸಾಯಲೂ ಇಲ್ಲ, ನಡೆಯಲೂ ಇಲ್ಲ. ನನ್ನ ಮಟ್ಟಿಗೆ ಈ ಅಭಯಾರಣ್ಯದ ಚರಿತ್ರೆಯಲ್ಲಿ ಅತಿ ದೊಡ್ಡ ಅನ್ಯಾಯ ಅದೇ. ‘ಇವತ್ತಲ್ಲ ನಾಳೆ ಏಳುವವರು’ ಎಂಬ ನೆಪದಲ್ಲಿ ಆ ಊರುಗಳಿಗೆ ರಸ್ತೆ ಬರಲಿಲ್ಲ, ಕರೆಂಟು ಬರಲಿಲ್ಲ, ನೆಟ್ಟಗಿನ ಶಾಲೆಯೂ ಬರಲಿಲ್ಲ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಬಸುರಿಯನ್ನಾಗಲಿ ಜ್ವರದ ಮಗುವನ್ನಾಗಲಿ ಹೊತ್ತೇ ಸಾಗಿಸಬೇಕಿತ್ತು.

ಕಾಡಿನ ಜೊತೆಗಿನ ಬಾಳು ಹೊರಗಿನವರು ಹಾಡಿ ಹೊಗಳುವಷ್ಟು ಸಲೀಸಾಗಿರಲಿಲ್ಲ. 1990ರ ದಶಕದ ಉತ್ತರಾರ್ಧದಲ್ಲಿ ಸಂಶೋಧಕ ಎಂ. ಡಿ. ಮಧುಸೂದನ್ ಇಲ್ಲಿನ ಒಳಹಳ್ಳಿಗಳ ಲೆಕ್ಕ ಹಿಡಿದರು. ಒಂದು ಮನೆ ತನ್ನ ಜಾನುವಾರುಗಳಲ್ಲಿ ಸರಾಸರಿ ಶೇ. 12ರಷ್ಟನ್ನು ಪ್ರತಿವರ್ಷ ಹುಲಿ, ಚಿರತೆಗಳಿಗೆ ತೆರುತ್ತಿತ್ತು. ಬೆಳೆದ ದವಸದಲ್ಲಿ ಶೇ. 11ರಷ್ಟು ಆನೆಯ ಪಾಲಾಗುತ್ತಿತ್ತು. ಸರ್ಕಾರದ ಪರಿಹಾರ ಈ ನಷ್ಟದ ಒಂದು ಸಣ್ಣ ಪಾಲನ್ನು ಮಾತ್ರ ತುಂಬುತ್ತಿತ್ತು. ಅದಕ್ಕೂ ಅರ್ಜಿ, ಸಾಕ್ಷಿ, ಅಲೆದಾಟ. ಇಡೀ ರಾತ್ರಿ ಅಟ್ಟಣೆಯ ಮೇಲೆ ತಮಟೆ ಬಡಿದು ಗದ್ದೆ ಕಾಯ್ದವನಿಗೆ ಹಗಲಲ್ಲಿ ತಾಲ್ಲೂಕು ಕಚೇರಿಯ ಮೆಟ್ಟಿಲು. ಹೋಗಬೇಕೆಂಬ ಮನಸ್ಸು ಹಳ್ಳಿಗಳ ಒಳಗಿನಿಂದಲೇ ಹುಟ್ಟಿದ್ದರ ಹಿಂದೆ ಇದೆಲ್ಲ ಇತ್ತು. ಎಲ್ಲರಿಗೂ ಅಲ್ಲ. ತಲೆತಲಾಂತರದ ಗದ್ದೆ, ಊರ ದೇವರು, ಹಿರಿಯರ ಸಮಾಧಿ ಬಿಟ್ಟು ಬರುವುದೆಂದರೆ ಅಳುಕದವರು ಯಾರು? ಅಣೆಕಟ್ಟಿಗೆ ಎದ್ದವರ ಪಾಡನ್ನು ಕಣ್ಣಾರೆ ಕಂಡ ಸೀಮೆ ಅದು. ಜನ ಕೇಳಿದ್ದು ಒಂದೇ: ಮೊದಲು ಭೂಮಿ ತೋರಿಸಿ, ಆಮೇಲೆ ಮಾತು.

1998ರಲ್ಲಿ ಹುಲಿ ಯೋಜನೆಗೆ ಸೇರಿದ ಮೇಲೆ ಕೇಂದ್ರದ ಹಣಕ್ಕೆ ದಾರಿಯಾಯಿತು. ರಾಜ್ಯವೂ ತನ್ನ ಪಾಲು ಹಾಕಿತು. ಅರಣ್ಯಾಧಿಕಾರಿ ಯತೀಶ್ ಕುಮಾರ್, ಚಿಕ್ಕಮಗಳೂರಿನ ಡಿ. ವಿ. ಗಿರೀಶ್ ಮತ್ತು ಅವರ ಗೆಳೆಯರು, ಹುಲಿ ವಿಜ್ಞಾನಿ ಉಲ್ಲಾಸ ಕಾರಂತರು ಈ ಕೆಲಸದ ಬೆನ್ನಿಗೆ ನಿಂತವರು. ಜಾಗ ಹುಡುಕುವುದು, ಮನೆಮನೆಯ ಆಸ್ತಿಯ ಲೆಕ್ಕ ಕಟ್ಟುವುದು, ಮರಗಿಡಗಳಿಗೆ ಬೆಲೆ ಕಟ್ಟುವುದು, ಕಂದಾಯ ಇಲಾಖೆ, ಅರಣ್ಯ ಇಲಾಖೆ, ನೀರಾವರಿ ಇಲಾಖೆಗಳನ್ನು ಒಂದು ಮೇಜಿನ ಸುತ್ತ ಕೂರಿಸುವುದು: ಇದಾವುದಕ್ಕೂ ಕಾಡಿನ ರಮ್ಯತೆಯಿಲ್ಲ. ಕ್ಯಾಮೆರಾ ಬಲೆಗೆ ಬಿದ್ದ ಹುಲಿಯ ಚಿತ್ರ ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ. ಪಹಣಿ ತಿದ್ದಿದ ಗುಮಾಸ್ತ ಎಲ್ಲಿಗೂ ಬರುವುದಿಲ್ಲ. ಆದರೆ ಭದ್ರಾದಲ್ಲಿ ಗೆದ್ದದ್ದು ಈ ಕಾಗದದ ಕೆಲಸ.

2001–02ರ ಸುಮಾರಿಗೆ 419 ಕುಟುಂಬಗಳು ಕಾಡಿನಿಂದ ಹೊರಬಂದವು. ಹೆಚ್ಚಿನವರು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಗೆ, ಉಳಿದವರು ಕಾಫಿ ಸೀಮೆಯ ಕೆಳಗೂರಿಗೆ. ಎಂ.ಸಿ. ಹಳ್ಳಿಯಲ್ಲಿ ಸಿಕ್ಕಿದ್ದು ಭದ್ರಾ ನಾಲೆಯ ನೀರು ಹರಿಯುವ ಭೂಮಿ. ಮೇಲಿನ ಕಾಡಿನಲ್ಲಿ ಬಿದ್ದ ಮಳೆ ಜಲಾಶಯಕ್ಕೆ ಇಳಿದು, ನಾಲೆಯಲ್ಲಿ ಹರಿದು, ಅದೇ ಕಾಡು ಬಿಟ್ಟು ಬಂದವರ ಗದ್ದೆಗೆ ಬಂತು. ಪುನರ್ವಸತಿಯ ಹೆಸರಿನಲ್ಲಿ ಈ ದೇಶದಲ್ಲಿ ಬಂಜರು ನೆಲ ಹಂಚಿದ ಉದಾಹರಣೆಗಳು ಬೇಕಾದಷ್ಟಿರುವಾಗ ಇದೊಂದೇ ಅಂಶ ಸಾಕು, ಭದ್ರಾವನ್ನು ಬೇರೆಯಾಗಿ ಕಾಣಲು. ಕೃತಿ ಕಾರಂತ್ 2002ರಲ್ಲೂ 2006ರಲ್ಲೂ ಈ ಕುಟುಂಬಗಳನ್ನು ಮಾತನಾಡಿಸಿ ನಡೆಸಿದ ಅಧ್ಯಯನದಲ್ಲಿ ಬಹುಪಾಲು ಜನ ಹೊಸ ಬದುಕು ಒಪ್ಪಿಗೆಯೆಂದೇ ಹೇಳಿದ್ದಾರೆ. ಶಾಲೆ, ಆಸ್ಪತ್ರೆ, ಬಸ್ಸು, ದೀಪ ಹತ್ತಿರವಾದವು.

ಹಾಗೆಂದು ಇದನ್ನು ಎಲ್ಲ ಕಾಡುಗಳಿಗೂ ಅಚ್ಚಿನಂತೆ ಒತ್ತುವ ಉತ್ಸಾಹ ನನಗಿಲ್ಲ. ಭೂಮಿಯಿದ್ದವರಿಗೂ ಇಲ್ಲದವರಿಗೂ ಸಿಕ್ಕಿದ್ದು ಒಂದೇ ಅಲ್ಲ. ಕೂಲಿಯಿಂದ ಬದುಕುತ್ತಿದ್ದವರಿಗೆ ಹೊಸ ಊರಿನಲ್ಲಿ ನೆಲೆಯೂರುವುದು ಹೆಚ್ಚು ಕಷ್ಟವಾಯಿತು. ಇಲ್ಲಿನವರಲ್ಲಿ ಬಹಳ ಮಂದಿ ಗದ್ದೆತೋಟದ ರೈತರು. ಕೃಷಿಯ ಕೈ ಅವರಿಗೆ ಮೊದಲೇ ಇತ್ತು. ಕಾಡಿನ ಉತ್ಪನ್ನದಿಂದಲೇ ಬದುಕುವ, ಕಾಡೇ ದೇವರಾದ ಬುಡಕಟ್ಟಿನವರಿಗೆ ಇದೇ ಲೆಕ್ಕ ಹೊಂದುವುದಿಲ್ಲ. ಇದೆಲ್ಲ ನಡೆದದ್ದು 2006ರ ಅರಣ್ಯ ಹಕ್ಕು ಕಾಯ್ದೆಗಿಂತ ಮೊದಲು. ಈಗ ಗ್ರಾಮಸಭೆಯ ಒಪ್ಪಿಗೆ ಕಾನೂನಿನ ಮಾತು. ಹುಲಿ ಕಾಡು ಬಿಟ್ಟು ಬರುವ ಕುಟುಂಬಕ್ಕೆ ಕೊಡುವ ಮೊತ್ತ 2008ರಲ್ಲಿ 10 ಲಕ್ಷ ರೂಪಾಯಿಗೆ, 2021ರಲ್ಲಿ 15 ಲಕ್ಷಕ್ಕೆ ಏರಿತು. ಆದರೂ ನೀರು ಹರಿಯುವ ಎರಡು ಎಕರೆಗೆ ಯಾವ ಮೊತ್ತ ಸಮ? ಹಣ ಕೊಟ್ಟು ಕೈ ತೊಳೆದುಕೊಳ್ಳುವ ಕಡೆಗೆ ವಾಲುವ ಯೋಜನಾಕಾರರು ಒಮ್ಮೆ ಎಂ.ಸಿ. ಹಳ್ಳಿಯ ನಾಲೆಯ ಏರಿಯ ಮೇಲೆ ನಡೆದು ಬರಬೇಕು.

ಜನ ಬಿಟ್ಟುಹೋದ ಗದ್ದೆಗಳು ಹುಲ್ಲುಗಾವಲಾದವು. ಹುಲ್ಲಿಗೆ ಜಿಂಕೆ, ಕಡವೆ, ಕಾಟಿ ಬಂದವು. ಅವುಗಳ ಹಿಂದೆ ಹುಲಿ, ಚಿರತೆ, ಸೀಳುನಾಯಿ. ಹುಲಿ ಹೆಚ್ಚಬೇಕಾದರೆ ಮೊದಲು ಅದರ ಬೇಟೆಯ ಪ್ರಾಣಿ ಹೆಚ್ಚಬೇಕು ಎಂಬ ಸಾದಾ ಸೂತ್ರ ಇಲ್ಲಿ ಕಣ್ಣಮುಂದೆಯೇ ನಡೆಯಿತು. ಆನೆಗಳು ರಾತ್ರಿ ಪಟಾಕಿಯ ಸದ್ದಿಲ್ಲದೆ ಹಳ್ಳಕ್ಕೆ ಇಳಿದವು. ಕೆಂದಳಿಲು, ಕರಡಿ, ಕಾಡುಕುರಿ, ಬರಿಂಕ. ಹೆಬ್ಬೆಯ ಕಡೆ ರೆಕ್ಕೆ ಬೀಸುವ ಸದ್ದಿನಿಂದಲೇ ಗುರುತಾಗುವ ದೊಡ್ಡ ಮಂಗಟ್ಟೆ. ಬಿದಿರಿನ ನೆರಳಿನಲ್ಲಿ ಕೆಂಪೆದೆಯ ಕಾಕರಣೆ. ಹಳ್ಳದ ಕಲ್ಲಿನ ಮೇಲೆ ಸಿಳ್ಳಾರ. ಇಲ್ಲಿ ದಾಖಲಾದ ಹಕ್ಕಿಗಳ ಬಗೆ ಇನ್ನೂರೈವತ್ತನ್ನು ಮೀರುತ್ತದೆ.

ಹಾಗೆಂದು ಕಾಡು ತಾನಾಗಿ ಸರಿಹೋಗಿಬಿಡುವುದಿಲ್ಲ. ಲಂಟಾನ ಮತ್ತು ಯುಪಟೋರಿಯಂ ಖಾಲಿ ಜಾಗಗಳನ್ನು ಜಿಂಕೆಗಿಂತ ಬೇಗ ಹಿಡಿಯುತ್ತವೆ. ಬಿದಿರು ಹೂಬಿಟ್ಟು ಒಟ್ಟಿಗೇ ಸತ್ತ ಮೇಲೆ ಒಣಗಿದ ಮೆಳೆಗಳು ಬೇಸಗೆಯ ಬೆಂಕಿಗೆ ಮೇವು. ಫೆಬ್ರವರಿಯಿಂದ ಮೊದಲ ಮಳೆಯವರೆಗೆ ಬೆಂಕಿರೇಖೆ ಸವರಿ, ಸೊಪ್ಪಿನ ಬರಲು ಹಿಡಿದು ಬೆಂಕಿ ಬಡಿಯುವವರು ದಿನಗೂಲಿಯ ವಾಚರುಗಳು. ಕಳ್ಳಬೇಟೆ ತಡೆ ಶಿಬಿರದಲ್ಲಿ ವಾರಗಟ್ಟಲೆ ಮನೆ ಕಾಣದೆ ಇರುವವರೂ ಅವರೇ. ಎಪ್ಪತ್ತೈದು ವರ್ಷದ ಲೆಕ್ಕದಲ್ಲಿ ಇವರ ಕೆಲಸ ಕಾಯಂ ಆಗುವ ವಿಷಯ ಇನ್ನೂ ಕಡತದಲ್ಲೇ ಓಡಾಡುವುದು ನಮ್ಮ ಆಡಳಿತಕ್ಕೆ ಶೋಭೆಯಲ್ಲ.

ಇಂದಿನ ಒತ್ತಡಗಳು ಹೊರಗಿನಿಂದ ಬರುತ್ತಿವೆ. ಅಭಯಾರಣ್ಯದ ಸುತ್ತ ಐನೂರು ಚದರ ಕಿಲೋಮೀಟರಿಗೂ ಹೆಚ್ಚಿನ ಬಫರ್ ವಲಯವಿದೆ. ಅದರಾಚೆ ಕಾಫಿ ತೋಟ. ಆನೆಗೆ ಈ ಗೆರೆಗಳು ಗೊತ್ತಿಲ್ಲ. ತೋಟದ ಕೂಲಿಗಳು ನಸುಕಿನಲ್ಲಿ ಕೆಲಸಕ್ಕೆ ಹೊರಡಲು ಹೆದರುವ ದಿನಗಳಿವೆ. ಒಳಗಿನ ಜನರಿಗೆ ಸಿಕ್ಕಿದ ಗಮನದ ಅರ್ಧದಷ್ಟೂ ಅಂಚಿನ ಜನರಿಗೆ ಸಿಕ್ಕಿಲ್ಲ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಗಳಿಗೆ ವಾರಾಂತ್ಯದಲ್ಲಿ ಏರುವ ವಾಹನಗಳ ಸಾಲು ನೋಡಿದರೆ, ಈ ಗಿರಿಗಳ ನೀರು ಕೆಳಗಿನ ಇಡೀ ಕಣಿವೆಯನ್ನು ಸಾಕುತ್ತದೆಂಬುದು ಯಾರಿಗಾದರೂ ನೆನಪಿದೆಯೇ ಎಂಬ ಅನುಮಾನ ಬರುತ್ತದೆ. ಮೇಲ್ದಂಡೆಯಲ್ಲಿ ಕುದುರೆಮುಖದ ಗಣಿ 2005ರ ಕೊನೆಗೆ ನಿಂತದ್ದರಿಂದ ಭದ್ರೆಗೆ ಬರುತ್ತಿದ್ದ ಹೂಳಿನ ಒಂದು ದೊಡ್ಡ ಮೂಲ ಮುಚ್ಚಿತು. ಅದೂ ಒಂದು ಹೊರನಡೆಯೇ. ಈ ಅಭಯಾರಣ್ಯದ ಗಡಿಯಿಂದ ದೂರದಲ್ಲಿ ನಡೆದರೂ ಇದರ ಚರಿತ್ರೆಗೆ ಸೇರಬೇಕಾದದ್ದು.

ಲಕ್ಕವಳ್ಳಿಗೂ ಮುತ್ತೋಡಿಗೂ ಪ್ರತಿವರ್ಷ ಸಾವಿರಾರು ಜನ ಬರುತ್ತಾರೆ. ಹುಲಿಯ ಚಿತ್ರ ನೋಡುತ್ತಾರೆ, ತೇಗದ ಮರದ ಸುತ್ತಳತೆ ಓದುತ್ತಾರೆ. ಇಲಾಖೆಯಲ್ಲಿ ನನ್ನದೊಂದು ಬೇಡಿಕೆ: ಈ ಎಪ್ಪತ್ತೈದನೆಯ ವರ್ಷದಲ್ಲಿ ಆ ಎರಡೂ ಕಡೆ ಒಂದೊಂದು ಫಲಕ ನಿಲ್ಲಲಿ. ಅದರಲ್ಲಿ ಕಾಡು ಬಿಟ್ಟುಕೊಟ್ಟ ಹಳ್ಳಿಗಳ ಹೆಸರಿರಲಿ, ಆ 419 ಮನೆಗಳ ಯಜಮಾನರು ಒಪ್ಪುವುದಾದರೆ ಅವರ ಹೆಸರೂ ಇರಲಿ. ಅವರ ಮಕ್ಕಳು, ಮೊಮ್ಮಕ್ಕಳು ತಮ್ಮ ಹಳೆಯ ಊರಿನ ದೇವರಿಗೆ ವರ್ಷಕ್ಕೊಮ್ಮೆ ಕೈಮುಗಿಯಲು ಬಂದಾಗ ಅವರಿಂದ ಪ್ರವೇಶ ಶುಲ್ಕ ಕೇಳದಿರಲಿ.